ಹೊಗೆಗೆ ದಂಡ, ಕೆಮ್ಮಿಗೆ ಏನು?

ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ನ್ಯಾಯಾಲಯದ ಮೆಟ್ಟಿಲು ಹತ್ತಿದ ಹೊಗೆಯ ವಿಷಯದಲ್ಲಿ ಗಾದೆಯನ್ನು ಇನ್ನಷ್ಟು ಉದ್ದ ಮಾಡಬೇಕಾಗುತ್ತದೆ. ಬೆಂಕಿ ಎಲ್ಲಿಯದೆಂದು ಗೊತ್ತಾಗಿರುತ್ತದೆ, ಹೊಗೆ ಊರಿಗೆಲ್ಲ ಕಂಡಿರುತ್ತದೆ, ದಂಡವೂ ಬಿದ್ದಿರುತ್ತದೆ. ಆದರೆ ಆ ಹೊಗೆ ಕುಡಿದವನ ಹೆಸರು ಮಾತ್ರ ಆದೇಶದಲ್ಲಿ ಸಿಕ್ಕುವುದಿಲ್ಲ. ಕಳೆದ ಕೆಲವು ತಿಂಗಳು ಬಿಡುವಿನ ವೇಳೆಯಲ್ಲಿ ನಾವು ಇಂಥ ಕೆಲವು ಆದೇಶಗಳ ವಿವರಗಳನ್ನೂ ಅವುಗಳ ಹಿಂದಿರುವ ಕಾಯಿದೆಯನ್ನೂ ಓದಿದೆವು. ವಕೀಲರ ಕಣ್ಣಿನಿಂದಲ್ಲ, ವರ್ಷಗಟ್ಟಲೆ ಫೈಲು ತಿರುವಿದ ಗುಮಾಸ್ತನ ಕಣ್ಣಿನಿಂದ. ಕಥೆ ಕವಿತೆಗಳನ್ನು ವಿಮರ್ಶಿಸುವ ಪುಟದಲ್ಲಿ ಸರಕಾರಿ ಕಾಗದದ ವಿಮರ್ಶೆ ಏತಕ್ಕೆಂದು ವಾಚಕರು ಕೇಳಿಯಾರು. ಆದೇಶವೂ ಒಂದು ಬರೆಹವೇ. ಅದರಲ್ಲಿ ಯಾರು ಬಂದಿದ್ದಾರೆ, ಯಾರು ಬಿಟ್ಟುಹೋಗಿದ್ದಾರೆ ಎಂದು ನೋಡುವುದೂ ವಿಮರ್ಶೆಯೇ.

ಮೊದಲು ನಮ್ಮೂರಿನ, ಅಂದರೆ ಹೊಟ್ಟೆಪಾಡಿಗೆ ಬಂದು ಈಗ ನಮ್ಮದೇ ಆಗಿರುವ ಪುಣೆಯ ಸಂಗತಿ. ಹಡಪಸರ ದಾಟಿ ಸಾಸವಡ ರಸ್ತೆ ಹಿಡಿದರೆ ದಿವೆ ಘಾಟಿಗೆ ಮುಂಚೆ ಫುರಸುಂಗಿ, ಉರುಳಿ ದೇವಾಚಿ ಎಂಬ ಹಳ್ಳಿಗಳು ಬರುತ್ತವೆ. ಆಷಾಢದಲ್ಲಿ ಜ್ಞಾನೇಶ್ವರರ ಪಾಲಖಿ ಪಂಢರಪುರಕ್ಕೆ ಹೋಗುವುದು ಇದೇ ದಾರಿಯಿಂದ. ದಶಕಗಳ ಕಾಲ ಪುಣೆಯ ಕಸ ಹೋದದ್ದೂ ಇದೇ ದಾರಿಯಿಂದ. ಸುಮಾರು 163 ಎಕರೆಯ ಕಸದ ಡಿಪೋ ಅಲ್ಲಿದೆ. ಬೇಸಗೆ ಬಂತೆಂದರೆ ಅದು ಹೊತ್ತಿಕೊಳ್ಳುವುದು ಹಳ್ಳಿಯವರಿಗೆ ಹಬ್ಬ ಹುಣ್ಣಿಮೆಯಷ್ಟೇ ರೂಢಿಯಾಗಿಬಿಟ್ಟಿತ್ತು. 2017ರ ಏಪ್ರಿಲ್ ನಡುವಿನಲ್ಲಿ ಹೊತ್ತಿದ ಬೆಂಕಿ ಬೇಗ ಆರಲಿಲ್ಲ. ಹೊಗೆ ಕುಡಿದು ಕುಡಿದು ಬೇಸತ್ತ ಜನ ಕಾರ್ಪೊರೇಶನ್ನಿನ ಕಸದ ಲಾರಿಗಳನ್ನು ತಡೆದರು. ಮೂರು ವಾರ ಪುಣೆಯ ಪೇಟೆಗಳಲ್ಲಿ ಕಸ ಗುಡ್ಡೆ ಬಿದ್ದಿತು. ಮೇ ಮೊದಲ ವಾರದಲ್ಲಿ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸರ ಆಶ್ವಾಸನೆಯ ಮೇಲೆ ಚಳವಳಿ ನಿಂತು ಲಾರಿಗಳು ಮತ್ತೆ ಓಡಿದವು.

ಆ ಮೂರು ವಾರ ಪುಣೆಯಲ್ಲಿದ್ದವರಿಗೆ ನೆನಪಿರಬಹುದು. ಎಲ್ಲೆಲ್ಲೂ ಒಂದೇ ಮಾತು: ಕಸ ಎಲ್ಲಿಗೆ ಹೋಗಬೇಕು? ಸದಾಶಿವ ಪೇಟೆಯವರಿಗೂ ಕೋಥ್ರೂಡಿನವರಿಗೂ ಮೂಗು ಮುಚ್ಚಿಕೊಳ್ಳುವ ಕಷ್ಟ ಮೊದಲ ಸಲ ಬಂದಿತ್ತು. ಫುರಸುಂಗಿಯ ಮನೆಯಲ್ಲಿ ದಮ್ಮಿನ ಔಷಧಿಗೆ ತಿಂಗಳಿಗೆ ಎಷ್ಟು ಖರ್ಚಾಗುತ್ತದೆ, ಅದನ್ನು ಯಾರು ಕೊಡಬೇಕು ಎಂದು ಕೇಳಿದವರನ್ನು ನಾವು ಕಾಣಲಿಲ್ಲ. ಹಳ್ಳಿಯವರು ಡಿಪೋ ಮುಚ್ಚಿರೆಂದರು, ನೀರು ಕೊಡಿರೆಂದರು, ಮಕ್ಕಳಿಗೆ ನೌಕರಿ ಕೊಡಿರೆಂದರು. ಎಲ್ಲ ನ್ಯಾಯವಾದ ಬೇಡಿಕೆಗಳೇ. ಆದರೆ ಪುಪ್ಪುಸಕ್ಕೆ ಬೆಲೆ ಕಟ್ಟಿ ಕೇಳಬಹುದೆಂಬ ಯೋಚನೆ ಆ ಗದ್ದಲದಲ್ಲಿ ಮುಂದೆ ಬರಲಿಲ್ಲ.

ಈ ಹೊಗೆ ಎಂಥದೆಂದು ಎರಡು ಮಾತು ಹೇಳಬೇಕು, ಬಿ.ಎಸ್‌ಸಿ. ಓದಿದ್ದು ಇಷ್ಟಕ್ಕಾದರೂ ಉಪಯೋಗಕ್ಕೆ ಬರಲಿ. ಕಸದ ಗುಡ್ಡ ಒಲೆಯಂತೆ ಉರಿಯುವುದಿಲ್ಲ, ಕುಲುಮೆಯ ಬೂದಿಯೊಳಗಿನ ಕೆಂಡದಂತೆ ಒಳಗೊಳಗೇ ಕನಲುತ್ತದೆ. ಹಸಿ ಕಸ ಗಾಳಿಯಿಲ್ಲದೆ ಕೊಳೆತಾಗ ಮೀಥೇನ್ ಹುಟ್ಟುತ್ತದೆ, ಅದಕ್ಕೆ ಕಿಡಿ ತಗಲಿದರೆ ಸಾಕು. ಗಾಳಿ ಸಾಲದೆ ಅರ್ಧಂಬರ್ಧ ಸುಡುವುದರಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ; ಪ್ಲಾಸ್ಟಿಕ್ಕು ಸುಟ್ಟರೆ ಡಯಾಕ್ಸಿನ್ನಿನಂಥ ವಿಷಗಳೂ ಬರುತ್ತವೆ. ಎಲ್ಲಕ್ಕಿಂತ ಹೆಚ್ಚಿನ ಕೇಡು ಕಣ್ಣಿಗೆ ಕಾಣದ ಕಣಗಳದ್ದು. ಎರಡೂವರೆ ಮೈಕ್ರಾನಿಗಿಂತ ಸಣ್ಣವು. ತಲೆಗೂದಲಿನ ದಪ್ಪದ ಇಪ್ಪತ್ತೈದನೆಯ ಒಂದು ಪಾಲಿಗೂ ಕಡಮೆ. ಮೂಗಿನ ಕೂದಲು ಇವನ್ನು ತಡೆಯಲಾರದು. ಇವು ಪುಪ್ಪುಸದ ಕೊನೆಯ ಚೀಲದವರೆಗೆ ಇಳಿಯುತ್ತವೆ, ಕೆಲವು ರಕ್ತಕ್ಕೂ ಸೇರುತ್ತವೆ. ಒಂದು ದಿನದ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಮು ಮೀರಬಾರದೆಂದು ನಮ್ಮ ದೇಶದ 2009ರ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಈ ಅಳತೆ ಮಾಡುವ ವ್ಯವಸ್ಥೆ ಪುಣೆಗೆ ಹೊಸತಲ್ಲ. ಪಾಷಾಣದ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯವರು ಊರಿನ ಹಲವೆಡೆ ಯಂತ್ರ ಇಟ್ಟಿದ್ದಾರೆ, ಹಡಪಸರದಲ್ಲೂ ಒಂದಿದೆ. ಅಂದಮೇಲೆ ಯಾವ ದಿನ ಗಾಳಿ ಎಷ್ಟು ಕೆಟ್ಟಿತ್ತೆಂಬ ದಾಖಲೆ ಸರಕಾರದ ಕೈಯಲ್ಲೇ ಇರುತ್ತದೆ. ಈ ಮಾತನ್ನು ನೆನಪಿಡಿರಿ, ಮುಂದೆ ಬೇಕಾಗುತ್ತದೆ.

ಇನ್ನು ಕಾಯಿದೆ. 2010ರ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಕಾಯಿದೆಯನ್ನು ಓದಿ ನಮಗೆ ಆಶ್ಚರ್ಯವಾದದ್ದು ಅದರ ಉದಾರತೆ. ಹದಿನೈದನೆಯ ಕಲಮು ಪರಿಹಾರ ಕೇಳಲು ದಾರಿ ಮಾಡಿಕೊಡುತ್ತದೆ. ಕೊನೆಯಲ್ಲಿರುವ ಎರಡನೆಯ ಅನುಸೂಚಿ ಯಾವ ಯಾವ ಬಾಬಿನಲ್ಲಿ ಕೇಳಬಹುದೆಂದು ಹದಿನಾಲ್ಕು ತಲೆಬರೆಹ ಕೊಡುತ್ತದೆ: ಮೊದಲನೆಯದೇ ಮರಣ, ಆಮೇಲೆ ಅಂಗವೈಕಲ್ಯ ಮತ್ತು ಕಾಯಿಲೆ, ತಪ್ಪಿದ ಕೂಲಿ, ಔಷಧೋಪಚಾರದ ಖರ್ಚು, ಹಾಲು ಕೊಡುವ ಎಮ್ಮೆಗೆ ಆದ ಹಾನಿಯನ್ನೂ ಬಿಟ್ಟಿಲ್ಲ. ಹದಿನೇಳನೆಯ ಕಲಮು ಇನ್ನೂ ಮುಂದೆ ಹೋಗಿ, ಕೇಡು ಒಬ್ಬನದೇ ಕೆಲಸದಿಂದ ಆಗಿರದೆ ಹಲವರ ಕೆಲಸ ಕೂಡಿ ಆಗಿದ್ದರೆ ಹೊಣೆಯನ್ನು ಅವರೊಳಗೆ ನ್ಯಾಯವಾಗಿ ಹಂಚಬಹುದು ಎನ್ನುತ್ತದೆ. ಅಪಘಾತವಾದರೆ ತಪ್ಪು ಯಾರದೆಂದು ಸಾಧಿಸುವ ಅಗತ್ಯವೇ ಇಲ್ಲ. ಶುಲ್ಕ ಕೇಳಿದ ಮೊತ್ತದ ನೂರಕ್ಕೆ ಒಂದು, ಕನಿಷ್ಠ ಒಂದು ಸಾವಿರ ರೂಪಾಯಿ. ಬಡತನದ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಈ ನ್ಯಾಯಾಧಿಕರಣದ ಪಶ್ಚಿಮ ವಲಯದ ಪೀಠ ಇರುವುದು ಮುಂಬಯಿಯಲ್ಲಲ್ಲ, ನಮ್ಮ ಪುಣೆಯಲ್ಲೇ, ಕೌನ್ಸಿಲ್ ಹಾಲಿನ ಎದುರಿನ ಹೊಸ ಆಡಳಿತ ಕಟ್ಟಡದಲ್ಲಿ. ದೇವರು ಇಷ್ಟೆಲ್ಲ ವರ ಕೊಟ್ಟಿದ್ದಾನೆ. ಇನ್ನು ಪೂಜಾರಿಯನ್ನು ನೋಡೋಣ.

ಬೆಂಗಳೂರಿನವರಾದ ಅಲ್ಮಿತ್ರಾ ಪಟೇಲರು 1996ರಲ್ಲಿ ಕಸದ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಇಪ್ಪತ್ತು ವರ್ಷದ ಮೇಲೆ, 2016ರ ಡಿಸೆಂಬರ್ 22ರಂದು, ಆ ವ್ಯಾಜ್ಯದಲ್ಲಿ ಹಸಿರು ನ್ಯಾಯಾಧಿಕರಣ ದೇಶಕ್ಕೆಲ್ಲ ಅನ್ವಯಿಸುವ ಆದೇಶ ಕೊಟ್ಟಿತು. ಬಯಲಿನಲ್ಲಿ ಕಸ ಸುಡಕೂಡದು, ಡಿಪೋಗಳಲ್ಲೂ ಸುಡಕೂಡದು. ಸಣ್ಣದಾಗಿ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ. ಪಟೇಲರ ಛಲಕ್ಕೆ ಕೈಮುಗಿಯಬೇಕು. ಆದರೆ ಈ ದಂಡಕ್ಕೆ ಸುಲಭವಾಗಿ ಸಿಕ್ಕುವವನು ಯಾರು? ಸೊಸೈಟಿಯ ಅಂಗಳದಲ್ಲಿ ಎಲೆ ಗುಡಿಸಿ ಕಡ್ಡಿ ಗೀರಿದ ಕಾವಲುಗಾರ. 163 ಎಕರೆ ಹೊತ್ತಿಕೊಂಡಾಗ ಮಾತ್ರ ಕಡ್ಡಿ ಗೀರಿದವನು ಯಾರೆಂದು ಯಾರಿಗೂ ತಿಳಿಯುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಬೆಂಗಳೂರಿನ ಬೆಳ್ಳಂದೂರು ಕೆರೆ ನೀರಿದ್ದೂ ಹೊತ್ತಿ ಉರಿದ ಕೆರೆ. 2015ರಲ್ಲಿ ನೊರೆ ಹೊತ್ತಿತು. 2017ರ ಫೆಬ್ರವರಿಯಲ್ಲಿ ಮತ್ತೆ, 2018ರ ಜನವರಿಯಲ್ಲಿ ಮತ್ತೂ ಒಮ್ಮೆ, ಆಗ ಆರಿಸಲು ಸೇನೆಯ ಜವಾನರೇ ಬರಬೇಕಾಯಿತು. 2018ರ ಡಿಸೆಂಬರಿನಲ್ಲಿ ನ್ಯಾಯಾಧಿಕರಣ ಕರ್ನಾಟಕ ಸರಕಾರಕ್ಕೆ 50 ಕೋಟಿ, ಬೆಂಗಳೂರು ಮಹಾನಗರಪಾಲಿಕೆಗೆ 25 ಕೋಟಿ ವಿಧಿಸಿ, ಉಸ್ತುವಾರಿಗೆ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ಸಮಿತಿ ನೇಮಿಸಿತು. ಕೆರೆಗೆ ಆದ ನಷ್ಟದ ಲೆಕ್ಕ ಹಾಕಿದ್ದು ಸರಿಯೇ. ದಂಡೆಯ ಮೇಲಿನ ಮನೆಗಳಲ್ಲಿ ಕಿಟಕಿ ಮುಚ್ಚಿಕೊಂಡು ಕುಳಿತವರಿಗೆ ಆ ಕೋಟಿಗಳಲ್ಲಿ ಎಷ್ಟು ಬಂತು? ಅವರು ಆ ಲೆಕ್ಕದೊಳಗೇ ಇರಲಿಲ್ಲ.

ಇವುಗಳಿಗಿಂತ ಒಂದು ಹೆಜ್ಜೆ ಮುಂದೆ ಇಟ್ಟದ್ದು ಕೊಚ್ಚಿಯ ಆದೇಶ. 2023ರ ಮಾರ್ಚ್ 2ರಂದು ಬ್ರಹ್ಮಪುರಂನ ಕಸದ ಡಿಪೋ ಹೊತ್ತಿ ಹತ್ತು ದಿನಕ್ಕೂ ಹೆಚ್ಚು ಕಾಲ ಇಡೀ ನಗರ ಹೊಗೆಯಲ್ಲಿ ಮುಳುಗಿತು. ಅದೇ ತಿಂಗಳು 17ರಂದು ನ್ಯಾಯಾಧಿಕರಣ ಕೊಚ್ಚಿ ಕಾರ್ಪೊರೇಶನ್ನಿಗೆ 100 ಕೋಟಿ ವಿಧಿಸಿತು. ಹಣವನ್ನು ಮುಖ್ಯ ಕಾರ್ಯದರ್ಶಿಯ ಬಳಿ ಇಟ್ಟು ಪರಿಹಾರ ಕ್ರಮಗಳಿಗೆ, ಬಾಧಿತರ ಆರೋಗ್ಯದ ಸಮಸ್ಯೆಗೂ ಸೇರಿದಂತೆ, ಬಳಸಬೇಕೆಂದಿತು. ಬಾಧಿತರೆಂಬ ಮಾತು ಅಂತೂ ಬಂತಲ್ಲ ಎಂದು ನಮಗೆ ಸಮಾಧಾನವಾಯಿತು. ಆದರೆ ಅವರು ಅಲ್ಲಿ ಒಟ್ಟಾರೆಯಾಗಿ ಬಂದಿದ್ದಾರೆ, ಒಬ್ಬೊಬ್ಬರಾಗಿ ಅಲ್ಲ. ಇಂಥವನಿಗೆ ಇಷ್ಟು ಎಂಬ ಸಾಲು ಇಲ್ಲ. ನಮ್ಮ ಇಲಾಖೆಗಳಲ್ಲಿ ಮಂಜೂರಾದ ಹಣಕ್ಕೆ ಪಡೆಯುವವನ ಹೆಸರಿಲ್ಲದಿದ್ದರೆ ಬಿಲ್ಲು ಪಾಸಾಗುವುದಿಲ್ಲ. ಇಲ್ಲಿ ನೂರು ಕೋಟಿಯ ಮಂಜೂರಾತಿ ಇದೆ, ಪಡೆಯುವವನ ಕಾಲಂ ಖಾಲಿ ಇದೆ.

ಏಕೆ ಹೀಗೆ? ನಮ್ಮ ನ್ಯಾಯಾಲಯಗಳಿಗೆ ಕರುಣೆ ಕಡಮೆಯೆಂದಲ್ಲ. ತತ್ವವನ್ನು ಎತ್ತರದಲ್ಲಿ ಹೇಳಿ ಮನುಷ್ಯನನ್ನು ಇನ್ನೊಂದು ಬಾಗಿಲಿಗೆ ಕಳಿಸುವ ರೂಢಿ ಹಳೆಯದು. ದಿಲ್ಲಿಯ ಶ್ರೀರಾಮ ಕಾರಖಾನೆಯಿಂದ 1985ರ ಡಿಸೆಂಬರ್ 4ರಂದು ಓಲಿಯಂ ಅನಿಲ ಸೋರಿತು. ಮರುವರ್ಷ ಡಿಸೆಂಬರ್ 20ರಂದು ಮುಖ್ಯ ನ್ಯಾಯಮೂರ್ತಿ ಭಗವತಿಯವರ ಪೀಠ ಕೊಟ್ಟ ತೀರ್ಪು ಲೋಕಪ್ರಸಿದ್ಧ: ಅಪಾಯದ ಉದ್ಯೋಗ ನಡೆಸುವವನು ಯಾವ ನೆವವನ್ನೂ ಹೇಳದೆ ಪೂರ್ತಿ ಹೊಣೆ ಹೊರಬೇಕು. ಅದೇ ತೀರ್ಪಿನ ಕೊನೆಗೆ ಹೋದರೆ, ಬಾಧಿತರಿಗೆ ನೇರವಾಗಿ ಪರಿಹಾರವಿಲ್ಲ. ಅವರ ಪರವಾಗಿ ಬೇರೆ ಕೋರ್ಟಿನಲ್ಲಿ ದಾವೆ ಹೂಡಬೇಕೆಂದು ದಿಲ್ಲಿಯ ಕಾನೂನು ನೆರವು ಮಂಡಳಿಗೆ ಸೂಚನೆ ಇದೆ. ಭೋಪಾಲದಲ್ಲಿ ಪರಿಹಾರ ಬಂದರೂ ಬಹುಮಂದಿಗೆ ಮೊದಲು ಸಿಕ್ಕಿದ್ದು 25,000 ರೂಪಾಯಿ. ಆ ರಾತ್ರಿ ಓಡಿದವರು ಆಸ್ಪತ್ರೆಯ ಚೀಟಿ ಜೋಪಾನ ಮಾಡಿ ಓಡಿರಲಿಲ್ಲ. ಚೀಟಿಯಿಲ್ಲದವನ ರೋಗ ತಾತ್ಕಾಲಿಕವೆಂದೇ ಲೆಕ್ಕ. ಪರಿಹಾರ ಹೆಚ್ಚಿಸಬೇಕೆಂಬ ಕೇಂದ್ರ ಸರಕಾರದ ಕೊನೆಯ ಅರ್ಜಿಯನ್ನೂ 2023ರ ಮಾರ್ಚ್ 14ರಂದು ಸುಪ್ರೀಂ ಕೋರ್ಟು ತಳ್ಳಿಹಾಕಿತು.

ಅಂದರೆ ಗಂಟು ಇರುವುದು ಇಲ್ಲಿ: ಈ ಹೊಗೆಯಿಂದಲೇ ಈ ಕೆಮ್ಮು ಬಂತೆಂದು ಯಾರು ಸಾಧಿಸಬೇಕು? ಕಾರ್ಪೊರೇಶನ್ನಿನ ವಕೀಲರು ಕೇಳುವ ಪ್ರಶ್ನೆ ಯಾರೂ ಊಹಿಸಬಹುದಾದದ್ದೇ. ನೀವು ಬೀಡಿ ಸೇದುತ್ತಿದ್ದಿರೇನು? ಮನೆಯಲ್ಲಿ ಕಟ್ಟಿಗೆ ಒಲೆ ಇತ್ತೇನು? ಸೋಲಾಪುರ ರಸ್ತೆಯ ಲಾರಿಗಳ ಹೊಗೆ ನಿಮಗೆ ತಾಗಲಿಲ್ಲವೇನು? ಹದಿನೇಳನೆಯ ಕಲಮು ಇದಕ್ಕೆ ಉತ್ತರವನ್ನು ಆಗಲೇ ಬರೆದಿಟ್ಟಿದೆ, ಹಲವರ ಪಾಲಿದ್ದರೆ ಹಂಚಿರಿ ಎಂದು. ಆ ಉತ್ತರವನ್ನು ನಗರದ ಹೊಗೆಗೆ ಧೈರ್ಯವಾಗಿ ಹಚ್ಚಿ, ಇಂಥ ರೋಗಿಗೆ ಇಷ್ಟು ಎಂದು ಬರೆದ ಆದೇಶ ನಾವು ಓದಿದವುಗಳಲ್ಲಿ ಒಂದೂ ಇಲ್ಲ. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಕೆಟ್ಟ ಗಾಳಿಯಿಂದ ಬಾಧೆಪಟ್ಟವರಿಗೆ ನೀವೇಕೆ ಪರಿಹಾರ ಕೊಡಬಾರದೆಂದು ರಾಜ್ಯಗಳನ್ನು ಗದರಿಸಿ ಕೇಳಿದ್ದುಂಟು. ಪ್ರಶ್ನೆ ಬಹಳ ಚೆನ್ನಾಗಿತ್ತು.

ಹೊರದೇಶಗಳಲ್ಲಿ ಹೇಗೆಂದು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅಮೆರಿಕದ ಕಾಡ್ಗಿಚ್ಚುಗಳು. 2018ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಊರು ಸುಟ್ಟು 85 ಜನ ಸತ್ತರು. ಕಿಡಿ ಹಾರಿದ್ದು ವಿದ್ಯುತ್ ಕಂಪನಿಯ ತಂತಿಯಿಂದ. ಆ ಕಂಪನಿ ಆ ಬೆಂಕಿಗೂ ಇತರ ಬೆಂಕಿಗಳಿಗೂ ಸೇರಿ 1,350 ಕೋಟಿ ಡಾಲರಿನ ನಿಧಿಗೆ ಒಪ್ಪಬೇಕಾಯಿತು. ಅಲ್ಲಿ ಹಿಡಿಯಲು ಒಂದು ತಂತಿ ಇತ್ತು, ತಂತಿಗೆ ಒಡೆಯನಿದ್ದ. ನಮ್ಮ ಬಂಡೀಪುರ 2019ರ ಫೆಬ್ರವರಿಯಲ್ಲಿ ಸಾವಿರಾರು ಎಕರೆ ಸುಟ್ಟಾಗ ಹಾಗೆ ಹಿಡಿಯಲು ಯಾರು ಸಿಕ್ಕಾರು? ಪುಣೆಯ ಟೇಕಡಿಗಳ ಹುಲ್ಲಿಗೆ ಬೇಸಗೆಯಲ್ಲಿ ಬೀಳುವ ಬೆಂಕಿಯದೂ ಅದೇ ಪಾಡು. ಆ ದೃಷ್ಟಿಯಿಂದ ಕಸದ ಡಿಪೋದ ಬೆಂಕಿ ಕಾಡಿನ ಬೆಂಕಿಗಿಂತ ಸುಲಭದ ವ್ಯಾಜ್ಯ. ಡಿಪೋಗೆ ಬೇಲಿ ಇದೆ, ಬೇಲಿಗೆ ಬೋರ್ಡು ಇದೆ, ಬೋರ್ಡಿನ ಮೇಲೆ ಒಡೆಯನ ಹೆಸರಿದೆ.

ನಮಗೆ ಹೆಚ್ಚು ಪಾಠ ಕಲಿಸಿದ್ದು ಕೋಟಿ ಡಾಲರಿನ ಅಮೆರಿಕವಲ್ಲ, ಪ್ಯಾರಿಸಿನ ಒಂದು ಸಣ್ಣ ಮೊತ್ತದ ತೀರ್ಪು. ಅಲ್ಲಿನ ಆಡಳಿತ ನ್ಯಾಯಾಲಯ 2023ರ ಜೂನಿನಲ್ಲಿ ಎರಡು ಕುಟುಂಬಗಳಿಗೆ ಸರಕಾರ ಪರಿಹಾರ ಕೊಡಬೇಕೆಂದಿತು. ಒಂದಕ್ಕೆ ಎರಡು ಸಾವಿರ ಯೂರೋ, ಇನ್ನೊಂದಕ್ಕೆ ಮೂರು ಸಾವಿರ. ಮಕ್ಕಳಿಗೆ ಶ್ವಾಸನಾಳದ ಉರಿಯೂತ ಬಂದಿತ್ತು. ಗಾಳಿ ಮಿತಿ ಮೀರಿ ಕೆಟ್ಟ ದಿನಗಳಿಗೂ ಮಕ್ಕಳು ಕಾಯಿಲೆ ಬಿದ್ದ ದಿನಗಳಿಗೂ ತಾಳೆ ಹಾಕಿ ನೋಡಿ, ಅವರ ಕಾಯಿಲೆಯ ಒಂದು ಪಾಲು ಇದರಿಂದಲೇ ಎಂದು ನ್ಯಾಯಾಲಯ ಒಪ್ಪಿತು. ಪೂರ್ತಿಯಲ್ಲ, ಒಂದು ಪಾಲು. ನೋಡಿರಿ, ಎಷ್ಟು ಸರಳ! ಎರಡು ತಾರೀಖುಪಟ್ಟಿಗಳು, ಪಕ್ಕಪಕ್ಕದಲ್ಲಿಟ್ಟರೆ ಆಯಿತು. ಇಂಗ್ಲೆಂಡಿನಲ್ಲಿ ಒಂಬತ್ತು ವರ್ಷದ ಎಲ್ಲಾ ಎಂಬ ಹುಡುಗಿ ದಮ್ಮಿನಿಂದ 2013ರಲ್ಲಿ ತೀರಿಕೊಂಡಳು. ದಕ್ಷಿಣ ಲಂಡನ್ನಿನ ದೊಡ್ಡ ರಸ್ತೆಯೊಂದರ ಮಗ್ಗುಲಲ್ಲಿ ಅವಳ ಮನೆ. ಮೊದಲ ವಿಚಾರಣೆಯಲ್ಲಿ ಗಾಳಿಯ ಮಾತೇ ಬರಲಿಲ್ಲ. ತಾಯಿ ಬಿಡಲಿಲ್ಲ. ಮಗಳು ಆಸ್ಪತ್ರೆ ಸೇರಿದ ದಿನಗಳನ್ನೂ ಗಾಳಿಯ ಅಳತೆಯನ್ನೂ ಪ್ರೊಫೆಸರೊಬ್ಬರು ತಾಳೆ ನೋಡಿದರು. 2020ರ ಡಿಸೆಂಬರಿನಲ್ಲಿ ವಾಯುಮಾಲಿನ್ಯವೂ ಸಾವಿಗೆ ಕಾರಣವೆಂದು ಮರಣದ ದಾಖಲೆಯಲ್ಲಿ ಸೇರಿತು. ಅಲ್ಲಿಗೆ ಏಳು ವರ್ಷ ಕಳೆದಿತ್ತು. ಸರಕಾರ ಆ ತಾಯಿಯೊಡನೆ ರಾಜಿಯಾದದ್ದು 2024ರಲ್ಲಿ.

ನಮ್ಮ ನ್ಯಾಯಾಧಿಕರಣವೂ ಇಷ್ಟೇ ಮಾಡಬಹುದಿತ್ತೆಂಬುದು ನಮ್ಮ ಆಕ್ಷೇಪಣೆಯ ತಿರುಳು. ಬೆಂಕಿ ಇದ್ದ ದಿನಗಳಲ್ಲಿ, ಹೊಗೆ ಹೋದ ದಿಕ್ಕಿನ ವಾರ್ಡುಗಳಲ್ಲಿ, ಉಸಿರಾಟದ ತೊಂದರೆಗೆ ಚಿಕಿತ್ಸೆ ಪಡೆದವನು ಚೀಟಿ ತೋರಿಸಿದರೆ ಸಾಕು. ಅದು ನಮ್ಮ ಹೊಗೆಯಿಂದಲ್ಲ ಎಂದು ಸಾಧಿಸುವ ಭಾರ ಡಿಪೋದ ಒಡೆಯನ ಮೇಲೆ. ಗಾಳಿಯ ಅಳತೆ ಸರಕಾರದ ಬಳಿಯೇ ಇರುವಾಗ ಆ ಭಾರವನ್ನು ರೋಗಿಯ ತಲೆಗೆ ಕಟ್ಟುವುದು ಯಾವ ನ್ಯಾಯ?

ಇದಕ್ಕೆ ಒಂದು ಗಟ್ಟಿ ಎದುರುಮಾತಿದೆ, ಅದನ್ನು ಮುಚ್ಚಿಡಬಾರದು. ಕಾರ್ಪೊರೇಶನ್ನಿನ ಹಣವೆಂದರೆ ನಮ್ಮದೇ ತೆರಿಗೆ. ಒಂದು ಜೇಬಿನಿಂದ ತೆಗೆದು ಇನ್ನೊಂದು ಜೇಬಿಗೆ ಹಾಕಿದರೆ ಏನು ಬಂತು? ಈ ಮಾತು ಜೇಬುಗಳೆರಡೂ ಒಂದೇ ಅಂಗಿಯವಾಗಿದ್ದರೆ ನಿಜ. ಕೋಥ್ರೂಡಿನ ಮೂರನೆಯ ಮಾಳಿಗೆಯವರು ಎಸೆದದ್ದನ್ನು ಹಡಪಸರದ ಆಚೆಯವರು ಉಸಿರಾಡಿದ್ದಾರೆ. ಎಸೆದವನ ಜೇಬಿನಿಂದ ಉಸಿರಾಡಿದವನ ಜೇಬಿಗೆ ನಾಲ್ಕು ಕಾಸು ಹೋದರೆ ಎಸೆಯುವವನಿಗೂ ಕಸ ಬೇರ್ಪಡಿಸುವ ಬುದ್ಧಿ ಬಂದೀತು. ಆ ಎಸೆಯುವವರಲ್ಲಿ ನಮ್ಮ ಸಂಘದ ಬಹುತೇಕ ಸದಸ್ಯರು ಬರುತ್ತಾರೆಂಬುದನ್ನೂ ಹೇಳಿಬಿಡಬೇಕು.

ಉಸಿರಾಡುವವರಲ್ಲೂ ಕನ್ನಡಿಗರಿದ್ದಾರೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು ಊರಂಚಿನ ತಗಡಿನ ಮನೆಗಳಲ್ಲಿ ಇರುತ್ತಾರೆ. ಹೊಗೆ ತಗಡಿನ ಸಂದಿಯಿಂದ ಒಳಗೆ ಬರುತ್ತದೆ, ಮುಚ್ಚಲು ಕಿಟಕಿಯೇ ಇರುವುದಿಲ್ಲ. ಅಂಥ ಒಬ್ಬ ತಾಯಿಯನ್ನು, ಕೂಸಿಗೆ ದಮ್ಮು ಬಂದಾಗ ಡಾಕ್ಟರು ಏನು ಬರೆದುಕೊಟ್ಟರವ್ವಾ ಎಂದು ಕೇಳಿದ್ದೆವು. "ಬರೆಯೋದೇನ್ರಿ ಸಾಹೇಬ್ರ, ಸೂಜಿ ಮಾಡಿ ಕಳಿಸಿದ್ರು" ಎಂದಳು. ಕೈಯಲ್ಲಿ ಚೀಟಿಯಿಲ್ಲ, ಪುಣೆಯ ವಿಳಾಸದ ರೇಶನ್ ಕಾರ್ಡಿಲ್ಲ. ಕಾಯಿದೆಯ ಹದಿನಾಲ್ಕು ತಲೆಬರೆಹಗಳಲ್ಲಿ ಮೂರಕ್ಕಾದರೂ ಆಕೆ ಹಕ್ಕುದಾರಳು, ಆದರೆ ಆಕೆ ಅಲ್ಲಿ ವಾಸವಿದ್ದಳೆಂಬುದಕ್ಕೇ ದಾಖಲೆಯಿಲ್ಲ. ನೌಕರಿಯಲ್ಲಿರುವ ನಮ್ಮಂಥವರ ತೊಡಕು ಬೇರೆ. ಔಷಧಿ ಬಿಲ್ಲಿಗೆ ಡಾಕ್ಟರ ಸಹಿ, ಮೊಹರು, ಪ್ರಮಾಣಪತ್ರ ಎಲ್ಲ ಜೋಡಿಸಿ ಇಲಾಖೆಯಿಂದ ಹಣ ಪಡೆಯುವುದರಲ್ಲಿ ನಾವು ನಿಪುಣರು. ಅದೇ ಕಾಗದ ಹಿಡಿದು ಊರಿನ ಕಾರ್ಪೊರೇಶನ್ನನ್ನು ಕೇಳೋಣವೆಂದರೆ, "ಪರಊರಿನಾಗ ಅದೀವಿ, ಊರ ಉಸಾಬರಿ ನಮಗ್ಯಾಕ ಬೇಕ್ರೀ" ಎನ್ನುತ್ತೇವೆ. ಮನೆಪಟ್ಟಿ ಕಟ್ಟುವಾಗ ಮಾತ್ರ ಪರಊರಿನವರಲ್ಲ.

ಕಾಯಿದೆಯ ಹದಿನೆಂಟನೆಯ ಕಲಮನ್ನು ನಾವು ಎರಡು ಸಲ ಓದಿದೆವು. ಬಾಧಿತನೇ ಬರಬೇಕೆಂದಿಲ್ಲ, ಆತನ ವಾರಸುದಾರರು ಬರಬಹುದು, ಪ್ರಾತಿನಿಧಿಕ ಸಂಸ್ಥೆಯೂ ಅರ್ಜಿ ಹಾಕಬಹುದು. ನಾಡಹಬ್ಬ, ರಾಜ್ಯೋತ್ಸವ ನಡೆಸುವ ಸಂಘವೊಂದು ತಗಡಿನ ಮನೆಯವರ ಹೆಸರು, ತಾರೀಖು, ಚೀಟಿಗಳನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟುಕೊಂಡರೆ ಅದೇ ಮುಂದೆ ಸಾಕ್ಷ್ಯವಾದೀತು. ಬರೆಯುವ ಕೆಲಸ ಬಲ್ಲ ಗುಮಾಸ್ತರಿಗೆ ನಮ್ಮಲ್ಲಿ ಬರವಿಲ್ಲ. ಹೆಂಗಸರಿಗೂ ಮಕ್ಕಳಿಗೂ ವರಮಾನ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಹೇಳುತ್ತದೆ.

ಅವಧಿಯ ಮಾತೊಂದು ಉಳಿಯಿತು. ಪರಿಹಾರದ ಅರ್ಜಿಗೆ ಕಾರಣ ಹುಟ್ಟಿದ ದಿನದಿಂದ ಐದು ವರ್ಷ. ತಕ್ಕ ಕಾರಣ ತೋರಿಸಿದರೆ ಇನ್ನು ಅರುವತ್ತು ದಿನ. ಉರುಳಿಯ 2017ರ ಏಪ್ರಿಲ್ ಬೆಂಕಿಗೆ ಅದು 2022ರ ಏಪ್ರಿಲಿಗೆ ತೀರಬೇಕಿತ್ತು. ಕೋವಿಡ್ ಕಾಲದ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಲೆಕ್ಕದಿಂದ ಬಿಡಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದರಿಂದ, ಅದು 2024ರ ಮಾರ್ಚ್ ಕೊನೆಯವರೆಗೆ ಬೆಳೆಯಿತೆಂದು ನಮ್ಮ ಲೆಕ್ಕ. ಅದೂ ಕಳೆದುಹೋಗಿದೆ. ಆಮೇಲಿನ ಹೊಗೆಗಳ ಚೀಟಿ ಯಾರ ಮನೆಯ ಡ್ರಾವರಿನಲ್ಲಾದರೂ ಇದ್ದರೆ, ಅವುಗಳ ಮೇಲಿನ ತಾರೀಖನ್ನು ಒಮ್ಮೆ ನೋಡಿಕೊಳ್ಳಿರಿ.